ಶೆಡ್ಡಿನ ಬಾಗಿಲು ಬಿಚ್ಚಿದ ಬಗ್ಗೆ ಮತ್ತು ಆಮೆ ಸಿಕ್ಕಿದ ಬಗ್ಗೆ

ಹೇಳಿಕೆ ಕೊಡುತ್ತಿರುವವರು: ಪೂರ್ತಿ ಹೆಸರನ್ನು ಮುಖಪುಟದಲ್ಲಿ ಬರೆಸಿದ್ದೇನೆ. ಡಿಪೋದಲ್ಲಿ ಎಲ್ಲರೂ ಗಡಿಯಾರಮ್ಮ ಎನ್ನುತ್ತಾರೆ. ವಯಸ್ಸು 56. ಉದ್ಯೋಗ: ಬಸ್ ಡಿಪೋದಲ್ಲಿ ಟೈಮ್ ಕೀಪರ್, 31 ವರ್ಷದ ಸೇವೆ. ವಾಸ: ಡಿಪೋ ಹಿಂದಿನ ಬೀದಿ, ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿ, ಬಲಗಡೆ ಮನೆ.

ನಾನು ಈ ದಿನ ಠಾಣೆಗೆ ಸ್ವತಃ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದೇನೆಂದರೆ, ಕೆರೆಯ ಉತ್ತರ ದಂಡೆಯಲ್ಲಿರುವ ಮೀನುಗಾರಿಕೆ ಇಲಾಖೆಯ ಶೆಡ್ಡಿನ ಬಾಗಿಲನ್ನು ಕಳೆದ ಭಾನುವಾರ, 12ನೇ ತಾರೀಕು, ಬೆಳಗ್ಗೆ 10 ಗಂಟೆ 52 ನಿಮಿಷಕ್ಕೆ ಬಿಚ್ಚಿದವರು ನಾನು ಮತ್ತು ನನ್ನ ನಾದಿನಿ. ಶೆಡ್ಡಿನ ಕಾವಲುಗಾರರು ದೂರಿನಲ್ಲಿ ಹೇಳಿರುವಂತೆ ಇದು ಯಾವುದೋ ಗ್ಯಾಂಗಿನ ಕೆಲಸ ಅಲ್ಲ. ಶೆಡ್ಡಿನಲ್ಲಿ ಸಿಕ್ಕ ಚೀಟಿಯ ಮೇಲಿರುವ ಎರಡು ಕೋಳಿಗಳ ಮುದ್ರೆ ನಮ್ಮದೇ. ಬಿಚ್ಚಿದ ಹನ್ನೆರಡು ಸ್ಕ್ರೂಗಳ ಪೈಕಿ ಒಂಬತ್ತನ್ನು ಈ ಲಕೋಟೆಯಲ್ಲಿ ಹಾಕಿ ಹಾಜರುಪಡಿಸಿದ್ದೇನೆ. ಮೂರು ನೀರಿಗೆ ಬಿದ್ದವು.

ನಾದಿನಿ ಎಂದರೆ ನನ್ನ ಯಜಮಾನರ ತಂಗಿ, ವಯಸ್ಸು 52. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ಹಲ್ಲು ಕೆತ್ತುವುದರಲ್ಲಿ ಅವಳನ್ನು ಮೀರಿಸುವವರು ಆ ಲ್ಯಾಬಿನಲ್ಲಿ ಇಲ್ಲ. ಆರು ವರ್ಷದ ಹಿಂದೆ ಅವಳು ನಮ್ಮ ಮನೆಗೆ ಬಂದು ಸೇರಿದಳು. ಮೊದಲ ತಿಂಗಳು ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿಡಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ದಿನಕ್ಕೆ ಎರಡು ಸಲವಾದರೂ ಮಾತಿಗೆ ಮಾತು ಬೆಳೆಯುತ್ತಿತ್ತು. ನನ್ನ ಯಜಮಾನರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು, ಮೆತ್ತಗಿನ ಸ್ವಭಾವ. ನಮ್ಮಿಬ್ಬರನ್ನೂ ವಾರಕ್ಕೊಂದು ದಿನ ಮನೆಯಿಂದಾಚೆ ಕಳಿಸಿದರೆ ತಮಗೆ ನೆಮ್ಮದಿ ಎಂದುಕೊಂಡು ಅವರೇ ಈ ಪೆಟ್ಟಿಗೆ ಹುಡುಕುವ ಆಟವನ್ನು ಯಾರಿಂದಲೋ ಕೇಳಿಕೊಂಡು ಬಂದರು. ಹಳೆಯ ಹಸಿರು ದೋಣಿಯೊಂದನ್ನೂ ಕೊಡಿಸಿದರು. ಅವರಿಗೆ ಮಾತ್ರ ನೀರೆಂದರೆ ಭಯ. ದಡದ ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಾರೆ.

ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಅವರು ಆಟ ಎಂದರೇನೆಂದು ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ಆಟ ಗೊತ್ತಿರುವ ಯಾರಾದರೊಬ್ಬರು ನೀರು ಹೋಗದಂಥ ಡಬ್ಬಿಯೊಂದನ್ನು ಕಾಡಿನಲ್ಲಿ ಬಚ್ಚಿಡುತ್ತಾರೆ. ಒಳಗೆ ಒಂದು ರಬ್ಬರ್ ಮುದ್ರೆ ಮತ್ತು ಒಂದು ನೋಟ್‌ಬುಕ್. ಜಾಗದ ಸುಳಿವನ್ನು ಒಗಟಿನ ಹಾಗೆ ಬರೆದು ಹಂಚುತ್ತಾರೆ. ಹುಡುಕಿದವರು ಡಬ್ಬಿಯ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಸ್ವಂತ ಮುದ್ರೆಯನ್ನು ಡಬ್ಬಿಯ ನೋಟ್‌ಬುಕ್ಕಿನಲ್ಲಿ ಒತ್ತಿ, ದಿನ ಮತ್ತು ಸಮಯ ಬರೆದು, ಡಬ್ಬಿಯನ್ನು ಮೊದಲಿದ್ದ ಹಾಗೆಯೇ ಇಟ್ಟು ಬರಬೇಕು. ಇದರಲ್ಲಿ ಬಹುಮಾನ ಇಲ್ಲ. ಹೆಸರು ಬರೆಯುವ ಪದ್ಧತಿ ಇಲ್ಲ, ಮುದ್ರೆಯೇ ಗುರುತು. ನಮ್ಮ ಮುದ್ರೆಯನ್ನು ನಾದಿನಿ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೆತ್ತಿದ್ದಾಳೆ. ಎರಡು ಕೋಳಿಗಳು ಮುಖಾಮುಖಿ ನಿಂತು ಜಗಳವಾಡುವ ಚಿತ್ರ. ಅದು ಯಜಮಾನರ ಸಲಹೆ.

ಡಬ್ಬಿಗಳು ಎಲ್ಲೆಲ್ಲಿವೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಾರೆ. ಹೇಳಿಬಿಟ್ಟರೆ ಆಟ ಕೆಡುತ್ತದೆ. ಸುಳಿವಿನ ಹಾಳೆಯ ನಕಲು ಕೊಟ್ಟಿದ್ದೇನೆ, ಬೇಕಾದವರು ಹುಡುಕಿಕೊಳ್ಳಬಹುದು.

ಈ ಕೆರೆಯ ಆಟದಲ್ಲಿ ಆಮೆಯ ಮುದ್ರೆಯವರು ಒಬ್ಬರಿದ್ದರು. ನಾವು ಯಾವ ಡಬ್ಬಿ ತೆರೆದರೂ ಮೊದಲ ಪುಟದಲ್ಲಿ ಆ ಆಮೆ ಕುಳಿತಿರುತ್ತಿತ್ತು. ಹಸಿರು ಶಾಯಿ, ಗಟ್ಟಿಯಾಗಿ ಒತ್ತಿದ ಗುರುತು, ಕೆಳಗೆ ಸಮಯ, ಜೊತೆಗೆ ಗಾಳಿ ಹೇಗಿತ್ತು, ನೀರು ಹೇಗಿತ್ತು ಎಂದು ಒಂದೇ ಸಾಲು. ಆರು ವರ್ಷದಲ್ಲಿ ನಾವು ಒಮ್ಮೆಯೂ ಅವರಿಗಿಂತ ಮೊದಲು ಹೋಗಿದ್ದಿಲ್ಲ. ಅವರ ಮುಖವನ್ನೂ ನೋಡಿದ್ದಿಲ್ಲ. ನಾದಿನಿ ಅವರನ್ನು ಈ ಆಮೆ ಮುದುಕ ಎಂದೇ ಕರೆಯುತ್ತಿದ್ದಳು. ಗಂಡಸೋ ಹೆಂಗಸೋ ಗೊತ್ತಿಲ್ಲದೆ ಮುದುಕ ಎನ್ನುವುದು ಸರಿಯಲ್ಲ ಎಂದು ನಾನು ಹೇಳಿದ್ದುಂಟು. ಇಷ್ಟು ಗಟ್ಟಿಯಾಗಿ ಮುದ್ರೆ ಒತ್ತೋನು ಗಂಡಸೇ, ಅದೂ ಹಟಮಾರಿ ಗಂಡಸು ಎಂದು ಅವಳು ವಾದಿಸಿದ್ದುಂಟು.

ಈ ತಿಂಗಳ ಮೊದಲ ವಾರ ಹೊಸದಾಗಿ ಆರು ಡಬ್ಬಿಗಳನ್ನು ಉತ್ತರ ದಂಡೆಯುದ್ದಕ್ಕೂ ಇಟ್ಟಿದ್ದಾರೆ, ದೋಣಿಯಲ್ಲಿ ಹೋದರೆ ಮಾತ್ರ ಸಿಗುತ್ತವೆ ಎಂದು ಸುಳಿವಿನ ಹಾಳೆ ಬಂತು. 12ರಂದು ಬೆಳಗ್ಗೆ 6:15ಕ್ಕೆ ಯಜಮಾನರ ಕಾರಿನಲ್ಲಿ ಮನೆ ಬಿಟ್ಟು, 41 ಕಿಲೋಮೀಟರ್ ಕ್ರಮಿಸಿ, 7:05ಕ್ಕೆ ದೋಣಿಕಟ್ಟೆ ತಲುಪಿದೆವು. 7:25ಕ್ಕೆ ನೀರಿಗಿಳಿದೆವು. ನಾದಿನಿ ಮುಂದೆ, ನಾನು ಹಿಂದೆ. ದೋಣಿಯಲ್ಲಿ ಹಿಂದೆ ಕೂತವರೇ ದಾರಿ ತಿರುಗಿಸುವವರು. ಇದನ್ನು ನಾದಿನಿ ಇಂದಿಗೂ ಒಪ್ಪಿಲ್ಲ.

ಮೊದಲನೇ ಡಬ್ಬಿ 7:58ಕ್ಕೆ, ಎರಡನೆಯದು 8:20ಕ್ಕೆ, ಮೂರನೆಯದು 8:47ಕ್ಕೆ ಸಿಕ್ಕವು. ಮೂರರಲ್ಲೂ ಮೊದಲ ಪುಟದಲ್ಲಿ ಆಮೆ ಇತ್ತು. ಹಿಂದಿನ ದಿನ, ಶನಿವಾರ, ಮಧ್ಯಾಹ್ನ 2:10, 3:05 ಮತ್ತು ಸಂಜೆ 4:40 ಎಂದು ಬರೆದಿತ್ತು. ಮೂರನೆಯ ಡಬ್ಬಿಯಲ್ಲಿ, ಗಾಳಿ ಏಳುತ್ತಿದೆ, ನಾಲ್ಕನೆಯದನ್ನು ಮುಗಿಸಿ ದಡದಲ್ಲೇ ಗುಡಾರ ಹಾಕುತ್ತೇನೆ ಎಂಬ ಸಾಲು ಇತ್ತು. ನಾದಿನಿ ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿ, ಮತ್ತೆ ನಮಗೆ ಮಂಗಳಾರತಿ ಆಯ್ತು ಅತ್ತಿಗೆ ಎಂದಳು.

ನಾಲ್ಕನೆಯ ಡಬ್ಬಿ ಅಲ್ಲಿಂದ ಸುಮಾರು 900 ಮೀಟರ್. ನಡುವೆ ದಡ ಒಳಗೆ ಸರಿದು ಒಂದು ಸಣ್ಣ ಕೊಲ್ಲಿಯಾಗಿದೆ. ದಡದ ಗುಂಟ ಹೋದರೆ ಸುತ್ತು ಎಂದು ನಾವು ಕೊಲ್ಲಿಯ ಬಾಯನ್ನು ನೇರವಾಗಿ ದಾಟಿದೆವು. ಆಗ ಸಮಯ 9:05. ಆ ಹೊತ್ತಿಗೆ ನಾನು ಎಡ ಎಂದು ಕೂಗಿದ್ದೆ. ಎಡ ಅಂದರೆ ಎಡಕ್ಕೆ ಹೋಗೋದಾ, ಎಡಗಡೆ ಹುಟ್ಟು ಹಾಕೋದಾ, ಎಡಗಡೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ಹೋಗುತ್ತೆ, ಆರು ವರ್ಷದಿಂದ ನಿಮಗೆ ಇದು ತಲೆಗೆ ಹತ್ತಿಲ್ಲ ಎಂದು ನಾದಿನಿ ತಿರುಗಿ ಕೂಗಿದಳು. ಈ ಮಾತುಕತೆ ಕೊಲ್ಲಿ ದಾಟುವವರೆಗೂ ನಡೆಯಿತು.

9:20ಕ್ಕೆ ನಾಲ್ಕನೆಯ ಡಬ್ಬಿ ತೆರೆದೆವು. ನೋಟ್‌ಬುಕ್ ಖಾಲಿ ಇತ್ತು. ಮೊದಲ ಪುಟ ಬಿಳಿ. ನಾದಿನಿ ಕಿರುಚಿದಳು. ನಾನೂ ಕಿರುಚಿದೆ. ನಾದಿನಿ ನನ್ನನ್ನು ತಬ್ಬಿಕೊಂಡಳು. ಆರು ವರ್ಷದಲ್ಲಿ ಇದು ಮೊದಲ ಸಲ. ಕೋಳಿಗಳನ್ನು ಪುಟದ ನಟ್ಟನಡುವೆ ಒತ್ತಿದೆವು. ಇನ್ನು ಐದು, ಆರು ಕೂಡ ನಮ್ಮವೇ, ಆಮೆ ಮುದುಕ ಮಲಗಿಬಿಟ್ಟಿದ್ದಾನೆ ಎಂದು ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು.

9:26ಕ್ಕೆ, ಚಹಾ ಇನ್ನೂ ಕೈಯಲ್ಲಿರುವಾಗ, ನನಗೆ ಸಮಾಧಾನ ತಪ್ಪಿತು. ನನ್ನ ಕೆಲಸ ಬಸ್ಸುಗಳ ಸಮಯ ಬರೆಯುವುದು. ಮೂರನೇ ನಿಲ್ದಾಣ ಬಿಟ್ಟ ಬಸ್ಸು ನಾಲ್ಕನೆಯದಕ್ಕೆ ಬಂದಿಲ್ಲ ಎಂದರೆ ನಾವು ಖುಷಿಪಡುವುದಿಲ್ಲ. ಬಸ್ಸು ದಾರಿಯಲ್ಲೇ ಎಲ್ಲೋ ನಿಂತಿದೆ ಎಂದು ಅರ್ಥ. ಅವರು ನಾಲ್ಕನೆಯದನ್ನು ಮುಗಿಸುತ್ತೇನೆ ಎಂದು ಬರೆದಿದ್ದರು. ಬರೆದದ್ದನ್ನು ಮಾಡದೆ ಬಿಡುವ ಮನುಷ್ಯ ಅಲ್ಲ ಎಂಬುದು ಆರು ವರ್ಷದ ಪುಟಗಳಿಂದ ನನಗೆ ಗೊತ್ತಿತ್ತು. ಇದನ್ನು ನಾದಿನಿಗೆ ಹೇಳಿದೆ. ಗಾಳಿ ಜಾಸ್ತಿ ಆಗಿ ಮನೆಗೆ ಹೋಗಿರಬಹುದಲ್ಲ ಎಂದಳು. ಮನೆಗೆ ಹೋಗಬೇಕಾದರೂ ದೋಣಿಕಟ್ಟೆಗೇ ಬರಬೇಕು, ನಿನ್ನೆ ಒಬ್ಬರೇ ದೋಣಿ ತಂದವರ ಹಳದಿ ವ್ಯಾನು ಇನ್ನೂ ಅಲ್ಲೇ ನಿಂತಿದೆ ಅಂತ ಟಿಕೆಟ್ ಕೊಡುವವನು ಬೆಳಗ್ಗೆ ಹೇಳಲಿಲ್ಲವೇ ಎಂದೆ. ಅವಳು ಸ್ವಲ್ಪ ಹೊತ್ತು ಐದನೇ ಡಬ್ಬಿಯ ದಿಕ್ಕು ನೋಡಿದಳು. ಆಮೇಲೆ ಚಹಾವನ್ನು ನೀರಿಗೆ ಚೆಲ್ಲಿ, ನಡೀರಿ ಎಂದಳು. ಆಗ 9:31.

ವಾಪಸ್ ಬರುವಾಗ ದಡದ ಗುಂಟವೇ ಬಂದೆವು. ಇಬ್ಬರ ಮೊಬೈಲಿನಲ್ಲೂ ಸಿಗ್ನಲ್ ಇರಲಿಲ್ಲ. 9:52ಕ್ಕೆ ಜೊಂಡಿನ ನಡುವೆ ಒಂದು ಹುಟ್ಟು ಸಿಕ್ಕಿತು. ಅದರ ಹಿಡಿಯ ಮೇಲೆ ಬಿಸಿ ಕಬ್ಬಿಣದಿಂದ ಬರೆ ಹಾಕಿದ ಸಣ್ಣ ಆಮೆ ಇತ್ತು. ಅದನ್ನು ದೋಣಿಯೊಳಗೆ ಹಾಕಿಕೊಂಡು ಬೇಗ ಬೇಗ ಹುಟ್ಟು ಹಾಕಿದೆವು.

10:04ಕ್ಕೆ ಕೊಲ್ಲಿಯ ಒಳಗಿನಿಂದ ಟಕ್ ಟಕ್ ಟಕ್ ಎಂಬ ಸದ್ದು ಕೇಳಿತು. ಮರಕುಟಿಗ ಇರಬೇಕು ಎಂದೆ. ನಾದಿನಿ ಕೈಯೆತ್ತಿ ನಿಲ್ಲಿಸಿದಳು. ಸದ್ದು ನಿಂತು ಮತ್ತೆ ಮೂರು ಸಲ ಬಂತು. ಮರಕುಟಿಗಕ್ಕೆ ಮೂರರವರೆಗೆ ಎಣಿಸೋಕೆ ಬರಲ್ಲ ಅತ್ತಿಗೆ ಎಂದಳು.

10:11ಕ್ಕೆ ಅವರನ್ನು ಕಂಡೆವು. ದಡದಲ್ಲಿ ಬಿದ್ದಿದ್ದ ದಪ್ಪ ಮರದ ದಿಮ್ಮಿಯ ಕೆಳಗೆ ಬಲಗಾಲು ಸಿಕ್ಕಿಕೊಂಡು, ಮೊಣಕಾಲಿನವರೆಗೆ ನೀರಿನಲ್ಲಿ, ಬೆನ್ನನ್ನು ಬಂಡೆಗೆ ಆನಿಸಿ ಕುಳಿತಿದ್ದರು. ವಯಸ್ಸು 67 ಎಂದು ನಂತರ ತಿಳಿಯಿತು. ತುಟಿ ನೀಲಿಯಾಗಿತ್ತು. ಒಂದು ಕೈಯಲ್ಲಿ ಊಟದ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಕಲ್ಲು. ನಮ್ಮನ್ನು ಕಂಡು ತಟ್ಟುವುದನ್ನು ನಿಲ್ಲಿಸಿ, ಎರಡು ಕೋಳಿಗಳಾ ಎಂದು ಕೇಳಿದರು. ಹೌದು ಎಂದೆ. ಬೆಳಗ್ಗೆ ಹೋಗುವಾಗ ಕೂಗಿದೆನಲ್ಲ ತಾಯಿ, ಎಡವೋ ಬಲವೋ ಅಂತ ನೀವು ಹಾಕಿದ ಗಲಾಟೆಯಲ್ಲಿ ನನ್ನ ದನಿ ಎಲ್ಲಿ ಕೇಳಬೇಕು ಎಂದು ನಕ್ಕರು. ನಗುವಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮನೆಯಲ್ಲಿ ಯಾವ ಮಾತಿಗೂ ಉತ್ತರ ಬಾಕಿ ಇಡದ ನನ್ನ ನಾದಿನಿ ತನ್ನ ಸ್ವೆಟರ್ ಬಿಚ್ಚಿ ಅವರಿಗೆ ಹೊದೆಸಿದಳು.

ಅವರು ಹೇಳಿದ್ದು ಹೀಗೆ. ಶನಿವಾರ ಸಂಜೆ ಐದರ ಸುಮಾರಿಗೆ ಗಾಳಿ ಜೋರಾದ್ದರಿಂದ ಕೊಲ್ಲಿಗೆ ಬಂದು ದೋಣಿ ಎಳೆಯಲು ದಿಮ್ಮಿಯ ಮೇಲೆ ಕಾಲಿಟ್ಟರು. ದಿಮ್ಮಿ ಉರುಳಿ ಕಾಲಿನ ಮೇಲೆ ಬಂತು. ದೋಣಿ, ಅದರೊಳಗಿನ ಮೊಬೈಲು, ಗುಡಾರ ಎಲ್ಲ ಗಾಳಿಗೆ ಹೋದವು. ಭಾನುವಾರ ಸಂಜೆವರೆಗೆ ಬರುವುದಿಲ್ಲ ಎಂದು ಮಗಳಿಗೆ ಹೇಳಿ ಬಂದಿದ್ದರಿಂದ ಯಾರೂ ಹುಡುಕುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಕೆಲಸ ಮಾಡಿದವರು. ಲಿಫ್ಟಿನಲ್ಲಿ ಸಿಕ್ಕಿಕೊಂಡೋರು ಕಿರುಚಿದರೆ ಗಂಟಲು ಹೋಗುತ್ತೆ ಅಷ್ಟೇ, ಮೂರು ಸಲ ತಟ್ಟಿ ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ ತಟ್ಟಬೇಕು, ಹೊರಗಿನೋರಿಗೆ ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತೆ, ಎಷ್ಟು ಜನಕ್ಕೆ ಹೇಳಿದ್ದೀನೋ ಎಂದರು.

ದಿಮ್ಮಿಯನ್ನು ಎತ್ತಲು ಇಬ್ಬರೂ ಪ್ರಯತ್ನಿಸಿದೆವು. ಅಲುಗಲಿಲ್ಲ. ನನ್ನ ಹುಟ್ಟು ಒಳಗಿಟ್ಟು ಮೀಟಿದ್ದಕ್ಕೆ ಅದು ಮುರಿಯಿತು. ದೋಣಿಕಟ್ಟೆಗೆ ಹೋಗಿ ಜನ ಕರೆತರಲು ಕನಿಷ್ಠ ಎರಡು ಗಂಟೆ ಬೇಕಿತ್ತು. ಆಗ ಅವರು, ಬಲಕ್ಕೆ 120 ಮೀಟರ್ ನಡೆದರೆ ಇಲಾಖೆಯ ಶೆಡ್ಡಿದೆ, ಹೋದ ವರ್ಷ ಅದರ ಹಿಂದೆ ಒಂದು ಡಬ್ಬಿ ಇತ್ತು ಎಂದು ನೆನಪಿಸಿದರು. ನಮಗೂ ನೆನಪಿತ್ತು.

10:30ಕ್ಕೆ ಶೆಡ್ ತಲುಪಿದೆವು. ದಪ್ಪ ಬೀಗ ಹಾಕಿತ್ತು. ಮೂರು ಸಲ ಕೂಗಿದೆವು, ಕಾವಲುಗಾರರು ಇರಲಿಲ್ಲ. ಬೀಗವನ್ನು ನಾವು ಮುಟ್ಟಿಲ್ಲ, ಅದು ಈಗಲೂ ಬಾಗಿಲಿನಲ್ಲೇ ಭದ್ರವಾಗಿದೆ ಎಂದು ದಯವಿಟ್ಟು ಬರೆದುಕೊಳ್ಳಬೇಕು. ಕೀಲುಗಳ ಮತ್ತು ಚೌಕಟ್ಟಿನ ಮೇಲಿನ ಬೀಗದ ಕೊಂಡಿಯ ಸ್ಕ್ರೂಗಳೆಲ್ಲ ಹೊರಗಡೆ ಇದ್ದವು. ನಾದಿನಿ ತನ್ನ ಚೀಲದಲ್ಲಿ ಯಾವಾಗಲೂ ಇರುವ ಹಲ್ಲು ಕೆತ್ತುವ ಚಾಕುವಿನಿಂದ ಹನ್ನೆರಡು ಸ್ಕ್ರೂಗಳನ್ನೂ 22 ನಿಮಿಷದಲ್ಲಿ ಬಿಚ್ಚಿದಳು. ಇಷ್ಟು ತುಕ್ಕು ಹಿಡಿದ ಬಾಯನ್ನು ಜನ್ಮದಲ್ಲಿ ನೋಡಿಲ್ಲ ಎಂದು ನಡುವೆ ಒಮ್ಮೆ ಹೇಳಿದಳು. ಒಳಗಿನಿಂದ ಒಂದು ಹಾರೆ ಮತ್ತು ಒಂದು ಹಗ್ಗ ತೆಗೆದುಕೊಂಡೆವು, ಅವರನ್ನು ಮಲಗಿಸಿ ಎಳೆಯಲು ಬಾಗಿಲನ್ನೂ ಹೊತ್ತುಕೊಂಡೆವು. ಬಲೆಗಳನ್ನಾಗಲಿ, ಗೂಟಕ್ಕೆ ನೇತುಹಾಕಿದ್ದ ರೇನ್‌ಕೋಟನ್ನಾಗಲಿ ಮುಟ್ಟಿಲ್ಲ.

ಹೊರಡುವ ಮುನ್ನ ಒಂದು ಚೀಟಿಯಲ್ಲಿ ತೆಗೆದುಕೊಂಡ ವಸ್ತುಗಳು, ಸಮಯ ಮತ್ತು ಕಾರಣ ಬರೆದು, ಕೆಳಗೆ ಕೋಳಿಗಳ ಮುದ್ರೆ ಒತ್ತಿ ಚೌಕಟ್ಟಿಗೆ ಸಿಕ್ಕಿಸಿದೆ. ಗಡಿಬಿಡಿಯಲ್ಲಿ ಹೆಸರು, ಫೋನ್ ನಂಬರ್ ಎರಡನ್ನೂ ಬರೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಅರ್ಧಂಬರ್ಧ ಬರೆದ ದಾಖಲೆ ಇದೊಂದೇ. ಆ ರಾತ್ರಿಯ ಇಬ್ಬನಿಗೆ ಪೆನ್ನಿನ ಅಕ್ಷರ ಕಲಸಿಹೋಗಿ ಮುದ್ರೆ ಮಾತ್ರ ಉಳಿಯಿತು. ಸೋಮವಾರ ಬಾಗಿಲಿಲ್ಲದ ಶೆಡ್ಡನ್ನೂ ಜಗಳವಾಡುವ ಕೋಳಿಗಳನ್ನೂ ಕಂಡು ಕಾವಲುಗಾರರು ಗಾಬರಿಯಾದದ್ದರಲ್ಲಿ ತಪ್ಪಿಲ್ಲ.

11:14ಕ್ಕೆ ಕಾಲು ಬಿಡಿಸಿದೆವು. ಹಾರೆಯ ಕೆಳಗೆ ಕಲ್ಲು ಕೊಟ್ಟು ನಾನು ಅದರ ತುದಿಯ ಮೇಲೆ ಕುಳಿತೆ. ನಾದಿನಿ ಅವರ ಕಂಕುಳಿಗೆ ಕೈ ಕೊಟ್ಟು ಎಳೆದಳು. ನನ್ನ ತೂಕ 74 ಕಿಲೋ ಇದ್ದುದರಿಂದಲೇ ಕೆಲಸವಾಯಿತು ಎಂದು ಅವಳು ತನ್ನ ಹೇಳಿಕೆಯಲ್ಲಿ ಬರೆಸಿದ್ದರೆ, ಅದು 71 ಎಂದು ತಿದ್ದಿಕೊಳ್ಳಬೇಕು. ಪಾದ ಊದಿ ಕಪ್ಪಾಗಿತ್ತು. ಅವರು ಒಂದು ಸಲ ಮಾತ್ರ ಅಮ್ಮಾ ಎಂದರು. ಬಾಗಿಲಿನ ಮೇಲೆ ಮಲಗಿಸಿ, ಹಗ್ಗ ಕಟ್ಟಿ, ಕೆಸರಿನ ಮೇಲೆ 40 ಮೀಟರ್ ಎಳೆದು ದೋಣಿಗೆ ತಂದೆವು. ಬಾಗಿಲು, ಹಾರೆ, ಹಗ್ಗ ಮೂರನ್ನೂ ದಡದ ದೊಡ್ಡ ಮರಕ್ಕೆ ಒರಗಿಸಿದೆ. ನಿನ್ನೆ ಕಾನ್‌ಸ್ಟೆಬಲ್ ಹೋಗಿ ನೋಡಿದಾಗ ಅಲ್ಲೇ ಇದ್ದವು ಎಂದು ತಿಳಿಯಿತು.

11:35ಕ್ಕೆ ಹೊರಟೆವು. ದೋಣಿಕಟ್ಟೆಗೆ 2.6 ಕಿಲೋಮೀಟರ್, ಎದುರು ಗಾಳಿ. ಇಬ್ಬರ ದೋಣಿಯಲ್ಲಿ ಮೂವರು. ದೋಣಿಯ ಅಂಚು ನೀರಿನಿಂದ ನಾಲ್ಕು ಬೆರಳಿನಷ್ಟು ಮಾತ್ರ ಮೇಲಿತ್ತು. ಮುರಿದ ನನ್ನ ಹುಟ್ಟಿನ ಬದಲು ಆಮೆಯ ಹುಟ್ಟನ್ನು ಹಿಡಿದೆ. ಅರ್ಧ ದಾರಿಯಲ್ಲಿ ಅವರಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ನಿದ್ದೆ ಹೋಗಲು ಬಿಡಬಾರದು ಎಂದು ನನಗೆ ತೋಚಿ, ನಮಗೆ ತಾಳ ಹಾಕಿ, ಇಲ್ಲದಿದ್ದರೆ ನಾವಿಬ್ಬರೂ ಒಂದೊಂದು ಕಡೆ ಎಳೀತೀವಿ ಎಂದೆ. ಅವರು ಮಲಗಿದಲ್ಲೇ ಊಟದ ಡಬ್ಬಿಯ ಮೇಲೆ ಬೆರಳಿನಿಂದ ತಟ್ಟತೊಡಗಿದರು. ಆ ತಾಳಕ್ಕೆ ಹುಟ್ಟು ಹಾಕಿದೆವು. ಆರು ವರ್ಷದಲ್ಲಿ ನಮ್ಮ ದೋಣಿ ನೇರವಾಗಿ ಹೋದದ್ದು ಅದೇ ಮೊದಲು. ನಾದಿನಿ ಒಂದು ಸಲವೂ ಎದುರು ಮಾತಾಡಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಳುವವರ ಬೆನ್ನಿನ ಹಾಗೆ ಕುಲುಕುತ್ತಿದ್ದುದನ್ನು ನಾನು ನೋಡಿದೆ, ನೋಡಿದೆನೆಂದು ಅವಳಿಗೆ ಹೇಳಿಲ್ಲ.

12:38ಕ್ಕೆ ದೋಣಿಕಟ್ಟೆ ತಲುಪಿದೆವು. ದೂರದಿಂದಲೇ ಮೂರು ತಲೆ ಕಂಡ ನನ್ನ ಯಜಮಾನರು ಪೇಪರ್ ಬಿಸಾಕಿ ಓಡಿ ಬಂದು, ಬೂಟಿನ ಸಮೇತ ಸೊಂಟದವರೆಗೆ ನೀರಿಗಿಳಿದು ದೋಣಿಯ ಮೂತಿ ಹಿಡಿದುಕೊಂಡರು. ಅಣ್ಣಾ, ನೀರು ಎಂದು ನಾದಿನಿ ಕೂಗಿದಳು. ಗೊತ್ತಮ್ಮಾ, ಎತ್ತು ಮೊದಲು ಎಂದರು. 12:50ಕ್ಕೆ ಕಾರಿನಲ್ಲಿ ಹೊರಟು 1:35ಕ್ಕೆ ಆಸ್ಪತ್ರೆ ಸೇರಿದೆವು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಎರಡು ಮೂಳೆ ಮುರಿದಿದೆ, ಪಾದ ಉಳಿದಿದೆ. ಆಸ್ಪತ್ರೆಯವರು ಠಾಣೆಗೆ ತಿಳಿಸಿದ್ದರಿಂದಲೇ ಹೆಡ್ ಕಾನ್‌ಸ್ಟೆಬಲ್ ಅವರು ನಿನ್ನೆ ಸಂಜೆ ಕೋಳಿ ಮುದ್ರೆಯ ಚೀಟಿ ಹಿಡಿದು ನಮ್ಮ ಮನೆಯ ಬಾಗಿಲು ತಟ್ಟಿದ್ದು.

ಗಾಯಾಳುವಿಗೂ ನಮಗೂ ಏನು ಸಂಬಂಧ ಎಂದು ಅವರು ಕೇಳಿದ್ದಕ್ಕೆ ಇಷ್ಟು ಹೇಳಬಲ್ಲೆ. ಭಾನುವಾರ 3:20ಕ್ಕೆ ಅವರ ಮಗಳು ಆಸ್ಪತ್ರೆಗೆ ಬಂದಳು. ಬೇಕರಿಯಲ್ಲಿ ಕೆಲಸ, ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಅಪ್ಪ ನಿಮಗೆ ಹೇಗೆ ಪರಿಚಯ ಎಂದು ಅವಳೂ ಇದನ್ನೇ ಕೇಳಿದಳು. ನಾದಿನಿ, ಆರು ವರ್ಷದಿಂದ ಚೆನ್ನಾಗಿ ಗೊತ್ತು, ಹೆಸರೊಂದು ಗೊತ್ತಿಲ್ಲ ನೋಡು ಎಂದಳು. ಆಟದ ವಿಷಯ ಹೇಳಿದೆವು. ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಪ್ಪ ಮೀನು ಹಿಡಿಯೋಕೆ ಹೋಗ್ತೀನಿ ಅಂತ ಹೇಳಿ ಹೋಗೋದು, ಆರು ವರ್ಷದಲ್ಲಿ ಒಂದೇ ಒಂದು ಮೀನು ಮನೆಗೆ ತಂದಿಲ್ಲ, ಎಂಥ ಬೆಪ್ಪು ಬೆಸ್ತನಪ್ಪಾ ಇವನು ಅಂತ ನಾನು ಅಂದುಕೊಂಡಿದ್ದೆ ಎಂದಳು. ರಬ್ಬರು ಕೆತ್ತೋದು ಆಟ ಅಂದರೆ ನಗ್ತೀಯ ಅಂತ ಹೇಳಲಿಲ್ಲ ಕಣಮ್ಮ ಎಂದು ಅವರು ಹಾಸಿಗೆಯಿಂದಲೇ ಹೇಳಿದರು.

ನಾದಿನಿ ತನ್ನ ಚೀಲದಿಂದ ಹೊಸ ರಬ್ಬರೊಂದನ್ನೂ ಚಾಕುವನ್ನೂ ತೆಗೆದು ಆ ಹುಡುಗಿಯ ಕೈಗೆ ಕೊಟ್ಟು, ಕೂತುಕೋ, ಕಲಿಸ್ತೀನಿ ಎಂದಳು. ಹುಡುಗಿ ಅಪ್ಪನ ಮಂಚದ ಪಕ್ಕ ಸ್ಟೂಲಿನಲ್ಲಿ ಕುಳಿತು ಒಂದೂವರೆ ಗಂಟೆ ಕೆತ್ತಿದಳು. ಎರಡು ಸಲ ಬೆರಳು ಕೊಯ್ದುಕೊಂಡಳು. 5:10ಕ್ಕೆ ಮುಗಿಯಿತು. ಹಸಿರು ಶಾಯಿಯಲ್ಲಿ ಅದ್ದಿ ನಮ್ಮ ಪುಸ್ತಕದ ಹೊಸ ಪುಟದಲ್ಲಿ ಮೊದಲ ಸಲ ಒತ್ತಿದಳು. ಒಂದು ಮೀನು. ಸ್ವಲ್ಪ ಸೊಟ್ಟಗಿದೆ, ಬಾಲ ಜಾಸ್ತಿ ದಪ್ಪ, ಆದರೆ ಮೀನೇ. ಅವಳ ಅಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಅಂತೂ ಒಂದು ಸಿಕ್ಕಿತು ಎಂದರು.

ತನಿಖೆಗೆ ಬೇಕೆಂದು ಕೇಳಿದ ನಮ್ಮ ಪುಸ್ತಕದ ಪುಟಗಳನ್ನೆಲ್ಲ ಇದರ ಜೊತೆ ಲಗತ್ತಿಸಿದ್ದೇನೆ. ಮೀನಿನ ಪುಟವೊಂದನ್ನು ಮಾತ್ರ ಹರಿದು ಅವರಿಗೇ ಕೊಟ್ಟಿದ್ದೇನೆ. ಅದನ್ನು ಕೇಳಬಾರದೆಂದು ಕೋರಿಕೆ.

ನಾನು ಹೇಳಿದ್ದನ್ನು ಬರೆದು ನನಗೆ ಓದಿ ಹೇಳಿದರು. ಒಂದು ಕಡೆ ನಿಮಿಷ ತಪ್ಪಿತ್ತು, ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೇ ಇದೆ, ಸೇರಿಸಿದ್ದು ಬಿಟ್ಟದ್ದು ಏನೂ ಇಲ್ಲ.

ಸ್ಥಳ: ಠಾಣೆಯ ಒಳಕೋಣೆ
ದಿನ: ಮಂಗಳವಾರ, 14ನೇ ತಾರೀಕು, ಬೆಳಗ್ಗೆ 11:47
ಸಹಿ: (ಟೈಮ್ ಕೀಪರ್)
ಸಾಕ್ಷಿ ಸಹಿ: (ನಾದಿನಿ. ತೂಕದ ವಿಷಯ ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ)